ದರ್ಜಿಯ ಮೂರನೆಯ ಕನ್ನಡಕ

ನಮ್ಮ ಬೀದಿಯ ದರ್ಜಿಗೆ ಎರಡು ತಿಂಗಳಲ್ಲಿ ಮೂರು ಕನ್ನಡಕ ಮಾರಿದವನು ನಾನು. ಆ ಪಾಪದಲ್ಲಿ ನನಗೂ ಪಾಲಿದೆಯೆಂದು ಮೊದಲೇ ಹೇಳಿಬಿಡುತ್ತೇನೆ.

ಅಚ್ಚುಕಟ್ಟಿನ ಮನೆ. ಕಿಟಕಿಯ ಬಳಿ ಅವನ ಹೊಲಿಗೆಯಂತ್ರ, ಗೋಡೆಯ ಬದಿಗೆ ಹೆಂಡತಿ ಗುಂಡಿ ಹೊಲಿಯಲು ಕೂರುವ ಚಾಪೆ, ಇಬ್ಬರ ನಡುವೆ ಕುರ್ಚಿ ಹಾಕಿಕೊಂಡು ಅವನ ತಾಯಿ. ಮನೆ ಮಾತು ಹೊಸಿಲು ದಾಟಬಾರದು ಎನ್ನುವುದು ಮುದುಕಿಯ ಕಾನೂನು.

ಮೊದಲು ತಲೆನೋವು ಬಂತು. ದರ್ಜಿಯ ತಲೆನೋವು ಕಣ್ಣಿನದೇ ಎಂದು ದರ್ಜಿಗಳೆಲ್ಲ ನಂಬುತ್ತಾರೆ. ಕನ್ನಡಕದವರು ನಾವೇಕೆ ಅಲ್ಲವೆನ್ನೋಣ? ಎರಡು ಕನ್ನಡಕ ಕೊಟ್ಟರೂ ನೋವು ಹೋಗಲಿಲ್ಲ. ಮೂರನೆಯ ಸಲ ಗೋಡೆ ಹಿಡಿದುಕೊಂಡು ಬಂದ.

"ಅಣ್ಣಾ, ಸೂಜಿ ಎರಡೆರಡು ಕಾಣ್ತಿದೆ. ಯಾವುದಕ್ಕೆ ದಾರ ಪೋಣಿಸ್ಲಿ?"

"ಎರಡಕ್ಕೂ ಪೋಣಿಸು, ಕೆಲಸ ಬೇಗ ಮುಗಿಯತ್ತೆ," ಎಂದು ನಕ್ಕು ಮೂರನೆಯದನ್ನೂ ಕೊಟ್ಟೆ. ಥೂ, ನನ್ನ ಬಾಯಿಗಿಷ್ಟು!

ಹೆಂಡತಿ ನಗಲಿಲ್ಲ. ಅಂದೇ ಅವನನ್ನು ವೈದ್ಯರ ಬಳಿ ಕರೆದೊಯ್ದಳು. ಅತ್ತೆಯೂ ಬೆನ್ನು ಬಿಡದೆ ಹೋದಳು.

"ಬೇರೆ ಕಾಯಿಲೆ ಏನಾದ್ರೂ ಇದೆಯಾ?" ಎಂದು ವೈದ್ಯರು ಕೇಳಿದರು.

ಮಗ ಬಾಯಿ ತೆರೆಯುವ ಮೊದಲೇ ತಾಯಿ, "ಏನಿಲ್ಲ ಡಾಕ್ಟ್ರೇ, ಕಣ್ಣಿಗೆ ಆಯಾಸ ಅಷ್ಟೇ," ಎಂದು ಸೊಸೆಯ ಕೈ ಚಿವುಟಿದಳು. ನೋವಿನ ಮಾತ್ರೆ ಹಿಡಿದು ಮೂವರೂ ಮನೆಗೆ ಬಂದರು.

ನಿಜ ಸಂಗತಿಯನ್ನು ಆಮೇಲೆ ಸೊಸೆಯೇ ಹೇಳಿದಳು. ಗಂಡಹೆಂಡಿರಿಬ್ಬರಿಗೂ ಎಚ್‌ಐವಿ ಇತ್ತು. ಮಾತ್ರೆ ನುಂಗುತ್ತ ಮೂರು ವರ್ಷ ಚೆನ್ನಾಗಿಯೇ ಇದ್ದರು. ಅವನ ತಂಗಿಯ ಮದುವೆಯ ಮಾತು ಶುರುವಾದಾಗ, ಬಂದವರ ಕಣ್ಣಿಗೆ ಬಿದ್ದೀತೆಂದು ಮುದುಕಿ ಡಬ್ಬಿಗಳನ್ನೇ ಎಸೆದಳು. "ಮದುವೆ ಮುಗೀಲಿ, ಆಮೇಲೆ ತಗೊಳ್ಳಿ," ಎಂದಳಂತೆ. ಮದುವೆ ಮುಗಿದು ಎರಡು ವರ್ಷವಾಗಿತ್ತು.

ನೋವಿನ ಮಾತ್ರೆ ತಂದ ಎಂಟು ದಿನಕ್ಕೆ ಅವನಿಗೆ ಫಿಟ್ಸ್ ಬಂತು. ದೊಡ್ಡಾಸ್ಪತ್ರೆಯ ಬಾಗಿಲಲ್ಲೇ ಹೆಂಡತಿ ಎಲ್ಲವನ್ನೂ ಹೇಳಿದಳು. ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿದರೆ ಅದರಲ್ಲಿ ಶಿಲೀಂಧ್ರ, ಬೂಷ್ಟಿನ ಜಾತಿಯದು.

"ಮೈಯ ಶಕ್ತಿ ಕುಂದಿದಾಗ ಇದು ಮೆದುಳಿಗೆ ಹತ್ತತ್ತೆ. ಔಷಧ ಇದೆ. ಆದ್ರೆ ತುಂಬಾ ತಡವಾಗಿ ತಂದ್ರಿ," ಎಂದರು ಅಲ್ಲಿಯ ವೈದ್ಯೆ.

ಔಷಧ ಕೊಟ್ಟರು. ಐದನೆಯ ದಿನ ಅವನು ತೀರಿಕೊಂಡ.

ಮಾತನಾಡಿಸಲು ಬೀದಿಯವರೆಲ್ಲ ಹೋದೆವು. ಯಂತ್ರದ ಮೇಲೆ ಅರ್ಧ ಹೊಲಿದ ತೋಳು ಹಾಗೇ ಇತ್ತು, ಪಕ್ಕದಲ್ಲಿ ಮೂರನೆಯ ಕನ್ನಡಕ.

"ಏನಾಗಿತ್ತಮ್ಮಾ?" ಎಂದು ಯಾರೋ ಕೇಳಿದರು.

"ಸೂಜಿ ಕೆಲಸ ನನ್ನ ಮಗನ ಕಣ್ಣು ತಿಂದುಹಾಕ್ತು," ಎಂದಳು ಮುದುಕಿ. ಎಲ್ಲರೂ ನನ್ನತ್ತ ನೋಡಿದರು. ನಾನು ತಲೆ ತಗ್ಗಿಸಿದೆ.

ಒಳಗಿನಿಂದ ಸೊಸೆ ಲೋಟದಲ್ಲಿ ನೀರು ಹಿಡಿದು ಬಂದಳು. ಇನ್ನೊಂದು ಕೈಯಲ್ಲಿ ಮಾತ್ರೆಯ ಡಬ್ಬಿ.

"ಕಣ್ಣಲ್ಲ. ಅವರಿಗೆ ಎಚ್‌ಐವಿ ಇತ್ತು. ಮಾತ್ರೆ ಬಿಡಿಸಿದ್ವಿ, ಕೇಳಿದ ಡಾಕ್ಟ್ರಿಗೆ ಸುಳ್ಳು ಹೇಳಿದ್ವಿ. ನನಗೂ ಇದೆ. ನಿನ್ನೆ ರಕ್ತ ನೋಡಿ ಮತ್ತೆ ಮಾತ್ರೆ ಶುರು ಮಾಡಿದಾರೆ."

"ಬಾಯಿ ಮುಚ್ಚೇ! ಮನೆ ಮಾನ ಹೋಗತ್ತೆ!"

"ಮಾನ ಉಳಿಸ್ಕೊಂಡ್ವಲ್ಲ ಅತ್ತೆ," ಎಂದಳು ಆಕೆ. "ನಿಮ್ಮ ಮಗ ಎಲ್ಲಿ?"

ಮುದುಕಿ ಯಂತ್ರದ ಕಡೆ ನೋಡಿದಳು. ಸೊಸೆ ಅಷ್ಟು ಜನರ ಮುಂದೆ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟುಕೊಂಡು ನೀರು ಕುಡಿದಳು.