ಹುಟ್ಟುವ ಮೊದಲೇ ಸಿಕ್ಕ ಕಾವಲು

ಒಂಟಿಕೊಪ್ಪಲಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಗುರುಮಲ್ಲಪ್ಪನವರ ಮಗಳು ರಕ್ಷಿತಾ ಬಾಣಂತನಕ್ಕೆಂದು ತವರಿಗೆ ಬಂದಾಗ ಅವಳಿಗೆ ಏಳು ತಿಂಗಳು. ಚೊಚ್ಚಲ ಬಸುರಿ ಮನೆಯಲ್ಲಿದ್ದರೆ ಬುದ್ಧಿ ಹೇಳುವವರಿಗೆ ಬರವೇ? ರಾಗಿ ಬೀಸಿಸಲು ಬಂದವರೆಲ್ಲ ಒಂದೊಂದು ಹೇಳಿ ಹೋಗುತ್ತಿದ್ದರು. ಪಪ್ಪಾಯಿ ಬೇಡ, ಸ್ಕೂಟರ್ ಬೇಡ, ಸೂಜಿಯಂತೂ ಬೇಡವೇ ಬೇಡ. ಗುರುಮಲ್ಲಪ್ಪನವರು ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು.

ಹಾಗಾಗಿ ಆಸ್ಪತ್ರೆಯಲ್ಲಿ ಡಾಕ್ಟರ್ ಭಾನುಪ್ರಿಯಾ ರಕ್ಷಿತಾಳನ್ನು ಪರೀಕ್ಷಿಸಿ, "ನಾಯಿಕೆಮ್ಮಿನ ಲಸಿಕೆ ಹಾಕಿಸ್ಕೊಳ್ಳೋಕೆ ಇದೇ ಸರಿಯಾದ ಸಮಯ" ಎಂದಾಗ ಗುರುಮಲ್ಲಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು.

"ಬ್ಯಾಡ ಕಣಮ್ಮ. ಮಗು ಹುಟ್ಲಿ, ಆಮೇಲೆ ನೋಡ್ಕೊಳ್ಳಣ. ಬಸುರಿಗೆ ಸೂಜಿ ಚುಚ್ಚಿ ಹೆಚ್ಚುಕಮ್ಮಿ ಆಗ್ಬುಟ್ರೆ?"

ಡಾಕ್ಟರ್ ಬೇಸರಪಟ್ಟುಕೊಳ್ಳಲಿಲ್ಲ. "ಮಗೂಗೆ ಆ ಲಸಿಕೆ ಶುರುವಾಗೋದೇ ಒಂದೂವರೆ ತಿಂಗಳಾದ ಮೇಲೆ ಸಾರ್. ಅಲ್ಲೀತನಕ ಅದನ್ನ ಕಾಯೋರು ಯಾರು?"

ಗುರುಮಲ್ಲಪ್ಪನವರು ಮೆಲ್ಲಗೆ ಕೂತರು. ಇಲವಾಲದ ಹಳೆಯ ಮನೆಯ ಕೋಣೆ ಕಣ್ಣ ಮುಂದೆ ಬಂತು. ಕೆಮ್ಮಿ ಕೆಮ್ಮಿ ನೀಲಿಗಟ್ಟಿದ ಪುಟ್ಟ ತುಟಿಗಳು, ಏನೂ ಮಾಡಲಾಗದೆ ಮಗುವಿನ ಬೆನ್ನು ಸವರುತ್ತಿದ್ದ ಅಮ್ಮ.

"ನನ್ನ ತಂಗಿ ಅದ್ರಲ್ಲೇ ಹೋದ್ಲು" ಎಂದರು. "ಇನ್ನೂ ಹೆಸರೇ ಇಟ್ಟಿರಲಿಲ್ಲ."

ಪಕ್ಕದಲ್ಲಿ ಕೂತಿದ್ದ ಹೆಂಡತಿ ಪ್ರೇಮಲೀಲಾಗೂ ಅದು ಹೊಸ ವಿಷಯ. ರಕ್ಷಿತಾ ಅಪ್ಪನ ಕೈ ಹಿಡಿದುಕೊಂಡಳು.

"ಬಸುರಿನ ಇಪ್ಪತ್ತೇಳರಿಂದ ಮೂವತ್ತಾರನೇ ವಾರದೊಳಗೆ ತಾಯಿಗೆ ಲಸಿಕೆ ಕೊಟ್ರೆ, ಅವಳ ಮೈಯಲ್ಲಿ ಹುಟ್ಟೋ ಶಕ್ತಿ ಹೊಕ್ಕುಳಬಳ್ಳಿ ಹಾದು ಮಗೂನ ಸೇರುತ್ತೆ" ಎಂದರು ಡಾಕ್ಟರ್. "ಪ್ರತಿ ಬಸುರಿನಲ್ಲೂ ಹಾಕಿಸ್ಕೋಬೇಕು."

"ಇನ್ನೂ ಈ ಲೋಕಾನೇ ನೋಡದಿರೋ ಮಗೀಗೆ?"

"ಹೌದು ಸಾರ್. ಹುಟ್ಟೋವಾಗ್ಲೇ ತಗೊಂಡು ಬರುತ್ತೆ."

ಗುರುಮಲ್ಲಪ್ಪನವರು ಮಗಳ ಹೊಟ್ಟೆಯನ್ನು ಬೆರಗಿನಿಂದ ನೋಡಿದರು. ಇಡೀ ದಿನ ಗಿರಣಿಯ ಸದ್ದಿನಲ್ಲೇ ಬದುಕಿದವರು ಅವರು. ಇಷ್ಟು ದೊಡ್ಡ ಕೆಲಸ ಚೂರೂ ಸದ್ದಿಲ್ಲದೆ ನಡೆಯುತ್ತದೆಯೇ!

"ನಾನು ಹಾಕಿಸ್ಕೊಳ್ತೀನಿ ಅಪ್ಪಾಜಿ" ಎಂದಳು ರಕ್ಷಿತಾ. ಈ ಸಲ ಅವರು ಬೇಡವೆನ್ನಲಿಲ್ಲ.

"ಸರಿ, ನಿಮ್ಮಿಬ್ಬರದು ಯಾವಾಗ?" ಡಾಕ್ಟರ್ ಕೇಳಿದರು.

ಪ್ರೇಮಲೀಲಾ ನಕ್ಕರು. "ನಮಗ್ಯಾಕಮ್ಮ? ಲಸಿಕೆ ಚಿಕ್ಕಮಕ್ಕಳಿಗಲ್ವಾ?"

"ಚಿಕ್ಕಂದಿನ ಲಸಿಕೆ ಬಲ ವರ್ಷ ಕಳೆದಂಗೆ ಕುಗ್ಗುತ್ತೆ ಅಮ್ಮ. ಮಗೂನ ಎತ್ಕೊಳ್ಳೋರು ಎರಡು ವಾರ ಮುಂಚೇನೇ ನಾಯಿಕೆಮ್ಮಿನದು ಹಾಕಿಸ್ಕೊಂಡಿರ್ಬೇಕು. ಫ್ಲೂದು ವರ್ಷ ವರ್ಷ, ಮಳೆಗಾಲಕ್ಕೆ ಮುಂಚೆ. ಸಾರ್‌ಗೆ ಅರವತ್ತೈದು ದಾಟಿದೆ, ಸಕ್ಕರೆ ಕಾಯಿಲೆ ಬೇರೆ. ನ್ಯುಮೋನಿಯಾದು ತಪ್ಪಿಸೋ ಹಾಗಿಲ್ಲ. ಐವತ್ತು ದಾಟಿದೋರಿಗೆ ಸರ್ಪಸುತ್ತಿನದೂ ಇದೆ. ಅದು ಎರಡು ಸಲ, ನಡುವೆ ಎರಡರಿಂದ ಆರು ತಿಂಗಳು ಬಿಟ್ಟು."

"ಅಯ್ಯೋ, ಎಲ್ಲಾ ಒಂದೇ ದಿನ ಚುಚ್ಬುಡ್ತೀರಾ?"

"ಕೆಲವನ್ನ ಒಟ್ಟಿಗೇ ಕೊಡಬಹುದು. ಬೇಡ ಅಂದ್ರೆ ಬೇರೆ ಬೇರೆ ದಿನ. ಮೊದಲು ಯಾವ್ದು ತುರ್ತೋ ಅದು. ಜ್ವರ ಜೋರಾಗಿದ್ರೆ ಇಳಿಯೋವರೆಗೆ ಕಾಯೋಣ."

ರಕ್ಷಿತಾ ಅಂದೇ ಹಾಕಿಸಿಕೊಂಡಳು. ಅದೇ ವಾರ ಅಪ್ಪ ಅಮ್ಮ ನಾಯಿಕೆಮ್ಮಿನ ಲಸಿಕೆಯನ್ನೂ ಫ್ಲೂ ಲಸಿಕೆಯನ್ನೂ ಹಾಕಿಸಿಕೊಂಡರು. ತೋಳು ನೋಯಿತು, ಮೈ ಒಂದಿಷ್ಟು ಬೆಚ್ಚಗಾಯಿತು, ಮರುದಿನ ಗಿರಣಿ ಎಂದಿನಂತೆ ಶುರುವಾಯಿತು. ನ್ಯುಮೋನಿಯಾದ್ದು ಮುಂದಿನ ತಿಂಗಳಿಗೆ, ಸರ್ಪಸುತ್ತಿನದು ಬಾಣಂತನದ ಗಡಿಬಿಡಿ ಮುಗಿದ ಮೇಲೆ ಎಂದು ಗೊತ್ತುಮಾಡಿಕೊಂಡರು.

ಹೆಣ್ಣುಮಗು ಹುಟ್ಟಿತು. ಅದು ಹುಟ್ಟಿ ಇನ್ನೂ ಒಂದು ತಿಂಗಳಾಗಿರಲಿಲ್ಲ, ಬೋಗಾದಿಯಿಂದ ಗುರುಮಲ್ಲಪ್ಪನವರ ಚಿಕ್ಕಪ್ಪನ ಮಗ ಸಿದ್ದಲಿಂಗಸ್ವಾಮಿ ಮಗು ನೋಡಲು ಬಂದ. ಕೆಮ್ಮುತ್ತಲೇ ಬಂದ. "ಏನಿಲ್ಲ ಕಣಣ್ಣ, ಲೇಔಟ್ ಕಡೆ ಧೂಳು" ಎಂದು ಮಗುವನ್ನೆತ್ತಿ ಮುದ್ದಾಡಿ ಹೋದ. ವಾರದ ಮೇಲೆ ಅವನದೇ ಫೋನು. ಪರೀಕ್ಷೆ ಮಾಡಿಸಿದರೆ ನಾಯಿಕೆಮ್ಮಂತೆ!

ಗುರುಮಲ್ಲಪ್ಪನವರು ಗಿರಣಿ ನಿಲ್ಲಿಸಿ ಮಗುವನ್ನೆತ್ತಿಕೊಂಡರು. ಎಲ್ಲರೂ ಆಟೋ ಹತ್ತಿ ಆಸ್ಪತ್ರೆಗೆ ಓಡಿದರು. ಡಾಕ್ಟರ್ ಮಗುವನ್ನು ನೋಡಿ, ಮುನ್ನೆಚ್ಚರಿಕೆಗೆ ಔಷಧಿ ಕೊಟ್ಟರು.

"ನೂರಕ್ಕೆ ನೂರು ಅಂತ ಯಾವ ಲಸಿಕೆಗೂ ಹೇಳಕ್ಕಾಗಲ್ಲ. ಕೆಮ್ಮು ಬಂದ್ರೆ ತಕ್ಷಣ ಕರ್ಕೊಂಡ್ಬನ್ನಿ. ಆದ್ರೆ ನಿಮ್ಮ ಮೊಮ್ಮಗಳು ಬರಿಗೈಯಲ್ಲಿ ಬಂದಿಲ್ಲ ಸಾರ್."

ಮನೆಯಲ್ಲಿ ಎಲ್ಲರೂ ಕಿವಿಯಾಗಿ ಕಾದರು. ಮಗು ಹಾಲು ಕುಡಿಯಿತು, ಮಲಗಿತು, ಎದ್ದು ಅತ್ತಿತು. ಕೆಮ್ಮು ಮಾತ್ರ ಬರಲೇ ಇಲ್ಲ.

ಒಂದೂವರೆ ತಿಂಗಳಿಗೆ ಮಗುವಿನ ಸ್ವಂತ ಲಸಿಕೆಯ ದಿನ ಬಂತು. ತೊಡೆಗೆ ಸೂಜಿ ತಾಗಿದ್ದೇ ತಡ, ಕೂಸು ಆಸ್ಪತ್ರೆ ಹಾರಿಹೋಗುವಂತೆ ಕಿರುಚಿತು. ಗುರುಮಲ್ಲಪ್ಪನವರು ಅದನ್ನು ಎದೆಗೊತ್ತಿಕೊಂಡು ಹೊರಗೆ ಬಿಸಿಲಿಗೆ ಬಂದರು.

"ಅಮ್ಮ ಕೊಟ್ಟ ಕಾವಲು ಸವೆಯೋ ಹೊತ್ಗೆ ಇವಳದ್ದೇ ಕಾವಲು ಎದ್ದು ನಿಂತ್ಕೊಳುತ್ತಂತೆ ಕಣೇ ಪ್ರೇಮಾ" ಎಂದರು. ಅವರ ಕಣ್ಣು ತುಂಬಿತ್ತು. "ಎಂಥ ಏರ್ಪಾಡು ನೋಡು!"

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಬಸುರಿಯಿದ್ದಾಳೆಯೇ? ಹಿರಿಯರಿದ್ದಾರೆಯೇ? ಸಕ್ಕರೆ ಕಾಯಿಲೆಯವರಿದ್ದಾರೆಯೇ? ಯಾರಿಗೆ ಯಾವ ಲಸಿಕೆ, ಯಾವಾಗ ಎಂದು ಈ ವಾರವೇ ವೈದ್ಯರನ್ನು ಕೇಳಿ. ಲಸಿಕೆಗೊಂದು ಸಮಯವಿದೆ, ಅದು ದಾಟಿಹೋಗುವ ಮುನ್ನ ಹೊರಡಿ.