ಟ್ಯಾಂಕಿಗೆ ಬೀಳದ ಔಷಧ

ಎಂಟು ದಿನದಿಂದ ಸ್ವಪ್ನಾಳಿಗೆ ಒಂದು ಸಣ್ಣ ಅಂಜಿಕೆ ಹತ್ತಿಕೊಂಡಿತ್ತು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಡೈರಿಗೆ ಮಾತ್ರ ಹೇಳಿದ್ದಳು: 'ಅಪ್ಪ ಕೊಟ್ಟ ಬಾಟಲಿಯನ್ನು ನಾನು ಕಾರಿಗೆ ಹಾಕಲೇ ಇಲ್ಲ. ಅಪ್ಪನಿಗೆ ಇದು ಗೊತ್ತಿಲ್ಲ. ಓಣಿಗೆಲ್ಲ ಬೇರೆಯೇ ಗೊತ್ತಾಗಿ ಕೂತಿದೆ.' ಬರೆದರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ. ಆಗಲಿಲ್ಲ. ಬಾಟಲಿ ಅವಳ ಬಿ.ಎಸ್ಸಿ. ಪುಸ್ತಕಗಳ ಹಿಂದೆ ಸೀಲು ಕೂಡ ಒಡೆಯದೆ ಹಾಗೇ ಇತ್ತು.

ಅವಳ ಅಪ್ಪ ಶೇಖಪ್ಪ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಔಷಧ ಹಾಕುವ ಕೆಲಸ ಮಾಡಿದವನು. ಬಿದಿರಿನ ತಿರುಳಿಗೆ ಪಟಿಕ ಎಷ್ಟು, ಬಣ್ಣ ಎಷ್ಟು, ಬಿಳುಪಿಗೆ ಯಾವುದು ಎಷ್ಟು, ಎಲ್ಲ ಅವನ ಕೈಯಲ್ಲಿತ್ತು. ಕಾಗದ ಹರಿದರೂ ಡೋಸು, ಕಲೆ ಬಿದ್ದರೂ ಡೋಸು. 'ಶೇಖಪ್ಪನ್ನ ಕೇಳ್ರಿ' ಎಂಬುದು ಆ ಶಿಫ್ಟಿನ ಮಂತ್ರವಾಗಿತ್ತು. ಎರಡು ತಿಂಗಳ ಹಿಂದೆ ನಿವೃತ್ತಿಯ ಹಾರ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಕೇಳುವವರೇ ಇಲ್ಲವಾದರು. ಹೊತ್ತು ಹೋಗದೆ ಹೆಂಡತಿ ದ್ರಾಕ್ಷಾಯಣಿಯ ಸಾರಿಗೆ ಉಪ್ಪಿನ ಡೋಸು ಹೇಳಲು ಹೋಗಿ ಸೌಟಿನಿಂದ ಬೆದರಿಸಿಕೊಂಡ. ಆಮೇಲೆ ಅಂಗಳದ ಹಳೇ ಬಿಳಿ ಕಾರಿನ ಕಡೆ ತಿರುಗಿದ.

ಆ ಕಾರು ಏರು ಕಂಡರೆ ಅಜ್ಜನಂತೆ ಕೆಮ್ಮುತ್ತಿತ್ತು. ಶೇಖಪ್ಪ ಮುಂಡಗೋಡಕ್ಕೆ ಹೋದಾಗ, ಟಿಬೆಟನ್ ಕಾಲೊನಿಯ ಗೋವಿನಜೋಳದ ಹೊಲಕ್ಕೆ ಹೋಗುವ ಟ್ರ್ಯಾಕ್ಟರಿನವರೆಲ್ಲ ಒಂದು ಅಂಗಡಿಯಲ್ಲಿ ಬಾಟಲಿ ಕೊಳ್ಳುವುದನ್ನು ಕಂಡ. ಟ್ಯಾಂಕಿನ ಎಣ್ಣೆಯೊಳಗೆ ಬೆರೆಸಿದರೆ ಎಂಜಿನ್ ಒಳಗಿನ ಕೊಳೆ ತೆಗೆಯುತ್ತದಂತೆ. ಅಂಗಡಿಯವನನ್ನು ಒಂದು ಮಾತೂ ಕೇಳದೆ ಎರಡು ಬಾಟಲಿ ತಂದ. ಔಷಧದ ವಿಷಯದಲ್ಲಿ ಇನ್ನೊಬ್ಬರನ್ನು ಕೇಳುವ ರೂಢಿ ಅವನಿಗಿರಲಿಲ್ಲ. ಓದುವ ಚಾಳೀಸು ಮನೆಯಲ್ಲೇ ಇತ್ತು, ಬಾಟಲಿಯ ಮೇಲಿನ ಚೀಟಿಯನ್ನೂ ಓದಲಿಲ್ಲ. ಮರುದಿನ ಪಿಂಚಣಿಯ ಕಾಗದಕ್ಕೆಂದು ಹಳಿಯಾಳದ ಬಸ್ಸು ಹತ್ತುವಾಗ ಒಂದನ್ನು ಮಗಳ ಕೈಗಿಟ್ಟು, ಟ್ಯಾಂಕಿಗೆ ಸುರುವಿಬಿಡು ಎಂದು ಹೇಳಿಹೋದ.

ಸ್ವಪ್ನಾ ಚೀಟಿ ಓದಿದಳು. ಯಾವ ಬಾಟಲಿಯ ಚೀಟಿಯನ್ನಾದರೂ ಪೂರ್ತಿ ಓದುವುದು ಅವಳ ಚಾಳಿ. 'ಡೀಸೆಲ್ ಎಂಜಿನ್‌ಗಳಿಗೆ ಮಾತ್ರ' ಎಂದಿತ್ತು. ಅವರದು ಪೆಟ್ರೋಲ್ ಕಾರು. ಅಪ್ಪನಿಗೆ ಫೋನ್ ಹಚ್ಚಿದಳು. ಆ ಕಡೆಯಿಂದ ಬಸ್ಸಿನ ಗದ್ದಲದಲ್ಲಿ 'ಹಾಕಿದೇನವಾ?' ಎಂಬ ಹುರುಪಿನ ದನಿ ಬಂತು. 'ಹ್ಞೂಂ' ಎಂದುಬಿಟ್ಟಳು. ಆ ಒಂದು ಹ್ಞೂಂನಿಂದಲೇ ಎಲ್ಲ ಶುರುವಾದದ್ದು.

ಹಾಗೆಂದು ಅವಳು ಕೈ ಕಟ್ಟಿ ಕೂರಲಿಲ್ಲ. ತಮಿಳಿನ ಒಬ್ಬ ಮೆಕ್ಯಾನಿಕನ ವಿಡಿಯೋಗಳನ್ನು ದನಿ ಮುಚ್ಚಿ ನೋಡುವುದು ಅವಳ ಗುಟ್ಟಿನ ಹವ್ಯಾಸ. ಮಾತು ತಿಳಿಯದಿದ್ದರೂ ಅವನ ಕೈ ತಿಳಿಯುತ್ತಿತ್ತು. ನೋಡಿದ್ದನ್ನು ಡೈರಿಯಲ್ಲಿ ಚಿತ್ರ ಬರೆದಿಡುತ್ತಿದ್ದಳು. ಅಂದು ಮೊದಲ ಸಲ ಬಾನೆಟ್ ಎತ್ತಿ, ನಾಲ್ಕು ಕ್ಲಿಪ್ಪು ಬಿಡಿಸಿ, ಎಂಜಿನ್ನಿಗೆ ಗಾಳಿ ಹೋಗುವ ಡಬ್ಬಿ ತೆರೆದಳು. ಒಳಗೆ ಮಡಿಕೆ ಮಡಿಕೆಯಾದ ಕಾಗದದ ಜರಡಿ. ಅದರ ಮೇಲೆ ಜೋಯಿಡಾ ರಸ್ತೆಯ ಕೆಂಪು ಮಣ್ಣು ಗೋಡೆಗೆ ಗಿಲಾಯಿ ಮಾಡಿದಂತೆ ಕೂತಿತ್ತು. ಕಾರಿಗೆ ಉಸಿರೇ ಇರಲಿಲ್ಲ. ಮೂವತ್ತೊಂದು ವರ್ಷ ಕಾಗದ ಮಾಡಿದವನ ಕಾರಿನಲ್ಲಿ ಯಾರೂ ತೆಗೆದು ನೋಡದೆ ಉಳಿದ ವಸ್ತುವೆಂದರೆ ಆ ಒಂದು ಕಾಗದ! ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿ, ತುಟಿ ಬಿಚ್ಚದೆ ಹಳೆಯದನ್ನು ತೋರಿಸಿ ಹೊಸದು ತಂದು ಕೂರಿಸಿದಳು. ಪ್ಲಗ್ಗುಗಳನ್ನೂ ಬಿಚ್ಚಿ ಮಸಿ ಉಜ್ಜಿದಳು.

ಸಂಜೆ ಹಳಿಯಾಳದಿಂದ ಬಂದ ಅಪ್ಪ ಓಡಿಸಿದಾಗ ಕಾರು ಅಂಬೇವಾಡಿಯ ಏರನ್ನು ಹಾಡುತ್ತಾ ಹತ್ತಿತು. ಶೇಖಪ್ಪನ ಮುಖ ಹೇಗೆ ಅರಳಿತೆಂದರೆ, ನಾಲಿಗೆಯ ತುದಿಗೆ ಬಂದ ಮಾತನ್ನು ಸ್ವಪ್ನಾ ನುಂಗಿಕೊಂಡಳು. ಮರುದಿನದಿಂದ ಚಹಾದಂಗಡಿಯಲ್ಲಿ ಡೋಸಿನ ಪುರಾಣ. ಹಳೇ ಶಿಫ್ಟಿನವರು ಮತ್ತೆ ಅಂಗಳಕ್ಕೆ ಬಂದು ಕೂರತೊಡಗಿದರು. ಎದುರುಮನೆಯ ಮಹಾದೇವಕ್ಕ, ನಮ್ಮ ಮನಿಯವರು ಎಂಟಾದ್ರೂ ಹಾಸಿಗಿ ಬಿಡೂದಿಲ್ಲ, ಅವರಿಗೂ ಒಂದು ಮುಚ್ಚಳ ಹಾಕಲೇನು ಎಂದು ಕೇಳಿ ಹೋದಳು. ಅಪ್ಪ ಎರಡು ತಿಂಗಳ ಮೇಲೆ ನಗುತ್ತಿದ್ದ. ಆ ನಗೆಯನ್ನು ಕಸಿದುಕೊಳ್ಳಲು ಅವಳಿಗೆ ಬಾಯಿ ಬರಲಿಲ್ಲ.

ರವಿವಾರ ಮುಂಜಾನೆ ಫಿಲಿಪ್‌ನ ಕಾರು ಗುರುಗುಟ್ಟುತ್ತ ಬಂದು ಬಾಗಿಲಲ್ಲಿ ನಿಂತಿತು. ಫಿಲಿಪ್ ಕುಂಬಾರವಾಡದವನು, ಮಿಲ್ಲಿನಲ್ಲಿ ಶೇಖಪ್ಪನ ಕೈಕೆಳಗೆ ಕೆಲಸ ಮಾಡಿ ಈಗ ಗದ್ದೆ ನೋಡಿಕೊಂಡಿದ್ದ ಸಿದ್ದಿ ಜನಾಂಗದವ. ಹಿಂದಿನ ಸೀಟಿನಲ್ಲಿ ಅವನ ಮಗಳು ರೀನಾ. ಪಕ್ಕದಲ್ಲಿ ಟ್ರಂಕು, ಹಾಸಿಗೆಯ ಸುರುಳಿ, ಸ್ಟೌವು. ನರ್ಸಿಂಗ್ ಮುಗಿಸಿದ ರೀನಾಳಿಗೆ ಮುಂಡಗೋಡದ ದವಾಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ನಾಳೆ ಎಂಟಕ್ಕೆ ಹಾಜರಾಗಬೇಕು. ಪಿಯುಸಿಯಲ್ಲಿ ಅವಳು ಸ್ವಪ್ನಾಳ ಜೊತೆ ಒಂದೇ ಬೆಂಚಿನಲ್ಲಿ ಕೂತವಳು.

"ಇಲ್ಲಿಗೆ ಬರೂದ್ರಾಗ ಮೂರು ಸಲ ನಿಂತೈತಿ ಶೇಖಣ್ಣ," ಎಂದ ಫಿಲಿಪ್. "ಹಳಿಯಾಳ ದಾಟಿ ಅಡವ್ಯಾಗ ನಿಂತ್ರ ಫೋನೂ ಹತ್ತೂದಿಲ್ಲ. ನಿನ್ನ ಔಷಧ ಕೊಟ್ಟು ಪುಣ್ಯ ಕಟ್ಕೋ."

"ಅಷ್ಟ ಅಲ್ಲೇನು," ಎಂದು ಶೇಖಪ್ಪ ಎದ್ದ. ಹಳೇ ಶಿಫ್ಟಿನವರು ಮೂವರು ಕಟ್ಟೆಯ ಮೇಲೆ ಸರಿದು ಕೂತರು.

ಸ್ವಪ್ನಾ ಫಿಲಿಪ್‌ನ ಕಾರಿನ ಕಡೆ ನೋಡಿದಳು. ಅದೂ ಪೆಟ್ರೋಲ್ ಕಾರೇ. ಮಾತಾಡುವ ಬದಲು ಅವಳು ಒಳಗೆ ಓಡಿಹೋಗಿ ಎಣ್ಣೆ ಸುರಿಯುವ ಲಾಳಿಕೆಯನ್ನು ಹಿಟ್ಟಿನ ಡಬ್ಬಿಯಲ್ಲಿ ಹುಗಿದಳು. ಲಾಳಿಕೆ ಸಿಗದಿದ್ದರೆ ಔಷಧ ಹೋಗುವುದಾದರೂ ಹೇಗೆ? ಶೇಖಪ್ಪ ಹುಡುಕಿದ, ದ್ರಾಕ್ಷಾಯಣಿ ಹುಡುಕಿದಳು. ಆಮೇಲೆ ಶೇಖಪ್ಪ ನಕ್ಕ. ಕಾಗದದವನ ಮನೆಯಲ್ಲಿ ಲಾಳಿಕೆಗೆ ಬರವೇನು ಎಂದು ಗೋಡೆಯ ಕ್ಯಾಲೆಂಡರಿನ ಹಳೇ ಹಾಳೆ ಹರಿದು, ಎಳೆ ಯಾವ ಕಡೆ ಹೋಗಿದೆಯೆಂದು ಬೆಳಕಿಗೆ ಹಿಡಿದು ನೋಡಿ, ಒಂದೇ ಸುತ್ತಿಗೆ ಹನಿ ಸೋರದಂಥ ಲಾಳಿಕೆ ಮಾಡಿದ. ಕಟ್ಟೆಯವರು ತಲೆದೂಗಿದರು.

ಸ್ವಪ್ನಾ ಚಹಾ ತಂದಳು; ಆಮೇಲೆ ಎಂದರು. ಬಿಸ್ಕೀಟು ತಂದಳು; ತಟ್ಟೆಯನ್ನು ಕಾರಿನ ಮೇಲೆ ಇಡಿಸಿಕೊಂಡರು. ಕಿಟಕಿಯಿಂದ ರೀನಾ ಕೈ ಚಾಚಿ ಅವಳ ಮುಂಗೈ ಹಿಡಿದಳು. ರಾತ್ರಿಯೆಲ್ಲ ನಿದ್ದೆಯಿಲ್ಲ, ಮೊದಲ ದಿನವೇ ತಡವಾದರೆ ಏನಂದಾರು ಎಂದು ಮೆಲ್ಲಗೆ ಹೇಳಿದಳು. ಅಂಜಿಕೆಯನ್ನು ಇಷ್ಟು ಸರಳವಾಗಿ ಹೇಳಿಬಿಡಬಹುದೇ ಎಂದು ಸ್ವಪ್ನಾಳಿಗೆ ಆಶ್ಚರ್ಯವಾಯಿತು.

ಆ ಕಡೆ ಶೇಖಪ್ಪ ಟ್ಯಾಂಕಿನ ಮುಚ್ಚಳ ತಿರುವಿದ. ತಂದಿಟ್ಟಿದ್ದ ಎರಡನೆಯ ಬಾಟಲಿಯ ಸೀಲು ಕಟಕ್ಕೆಂದಿತು. ಎಲ್ಲರೂ ಪೂಜೆಗೆ ನಿಂತವರಂತೆ ಕತ್ತು ಚಾಚಿದರು. ಬಾಟಲಿ ಓರೆಯಾಗುತ್ತಿದ್ದಂತೆ ಅವಳ ಕೈ ತಾನಾಗಿ ಹೋಗಿ ಅಪ್ಪನ ಮುಂಗೈ ಹಿಡಿಯಿತು. ಅಪ್ಪ ತಿರುಗಿ ನೋಡಿದ. ಫಿಲಿಪ್ ನೋಡಿದ. ಕಟ್ಟೆಯ ಮೂವರು, ಬಾಗಿಲಲ್ಲಿ ಅವ್ವ, ಎದುರುಮನೆಯ ಕಿಟಕಿಯಲ್ಲಿ ಮಹಾದೇವಕ್ಕ ಕೂಡ. ಇಷ್ಟು ಕಣ್ಣುಗಳ ಮುಂದೆ ಅವಳು ಎಂದೂ ಬಾಯಿ ತೆರೆದವಳಲ್ಲ.

"ಹಾಕಬ್ಯಾಡಪ್ಪಾ," ಎಂದಳು. ದನಿ ಓಣಿಗೆ ಕೇಳುವಷ್ಟಿತ್ತು. "ಇದು ಡೀಸೆಲ್ ಗಾಡೀದು. ನಮ್ಮ ಗಾಡಿಗೂ ನಾ ಇದನ್ನ ಹಾಕೇ ಇಲ್ಲ. ಗಾಳಿ ಹೋಗೂ ಕಾಗದ ಮುಚ್ಚಿತ್ತು, ನಾನ ಬಿಚ್ಚಿ ಹೊಸಾದು ಹಾಕೀನಿ. ಕಾಕಾನ ಗಾಡೀದೂ ನಾ ಮಾಡ್ತೇನಿ. ನನಗ ಈ ಕೆಲಸ ಬರ್ತೈತಿ."