ನಮ್ಮ ಬಣ್ಣದ ಕ್ರೀಮು

ಸತ್ತೇಗಾಲದ ಶಿವನಂಜಯ್ಯನವರ ಮನೆಗೆ ಇಬ್ಬರು ಸೊಸೆಯರು. ಹಿರಿಯವಳು ಚನ್ನಮಲ್ಲಮ್ಮ, ಯಳಂದೂರು ಕಡೆಯವಳು. ಕಿರಿಯವಳು ಪವಿತ್ರ, ಹನೂರಿನವಳು. ಇಬ್ಬರದೂ ಒಂದೇ ಎಣ್ಣೆಗಪ್ಪು. ಪವಿತ್ರ ಮದುವೆಯಾಗಿ ಬಂದ ಹೊಸದರಲ್ಲಿ ಬೀದಿಯ ಹೆಂಗಸರು ಅವಳನ್ನು ಹಿಂದಿನಿಂದ ಕಂಡು "ಚನ್ನಮಲ್ಲೀ" ಎಂದು ಕೂಗಿ, ಅವಳು ತಿರುಗಿದ ಮೇಲೂ ಒಂದು ಗಳಿಗೆ ಅನುಮಾನಿಸುತ್ತಿದ್ದರು. "ನಮ್ಮನೇಲಿ ಎರಡು ಕರೀಕಲ್ಲವೆ. ಮಳೆಗೆ ಕರಗಕಿಲ್ಲ, ಬಿಸ್ಲಿಗೆ ಸೀಳಕಿಲ್ಲ" ಎಂದು ಮಾವ ಬಂದವರೆದುರು ಹೆಮ್ಮೆಪಡುತ್ತಿದ್ದರು.

ಕಿರಿಯ ಕಲ್ಲು ಬಿಸಿಲಿಗೆ ಸೀಳಿತು. ಮಗಳು ಹುಟ್ಟಿದ ಮಾರನೆಯ ವರ್ಷ ಪವಿತ್ರಳ ಎರಡು ಕೆನ್ನೆಯ ಮೇಲೂ ಮೂಗಿನ ಮೇಲೂ ದದ್ದು ಎದ್ದು, ಒಣಗಿದ ಜಾಗವೆಲ್ಲ ಕಪ್ಪುಗಟ್ಟಿತು. ಮೊದಲು ಬಂಗು ಅಂದರು. ಅರಿಸಿನ ಹಚ್ಚಿದರು, ಬೇವು ಅರೆದು ಹಚ್ಚಿದರು. ಆಮೇಲೆ ಬೆರಳ ಗಿಣ್ಣುಗಳು ಊದಿಕೊಂಡು, ಬೆಳಿಗ್ಗೆ ಚೊಂಬು ಎತ್ತುವುದೂ ಕಷ್ಟವಾಯಿತು. ಕೊನೆಗೆ ಕಾಮಗೆರೆಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಕಾಯಿಲೆಗೆ ಲೂಪಸ್ ಎಂದು ಹೆಸರು ಹೇಳಿದರು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಬಿಸಿಲು ಬಿದ್ದರೆ ಇನ್ನಷ್ಟು ಕೆರಳುತ್ತದೆ. ಮಾತ್ರೆ ಬರೆದುಕೊಟ್ಟರು. ಹೊರಗೆ ಹೋಗಲೇಬೇಕಾದಾಗ ಮುಖಕ್ಕೂ ಕತ್ತಿಗೂ ಹಚ್ಚಿಕೊಳ್ಳಲು ಸನ್‌ಸ್ಕ್ರೀನ್ ಕೂಡ ಬರೆದರು. ಅವಳ ದದ್ದಿಗೆ ಬೇರೆ ಥರದವು ಉರಿಯುತ್ತಿದ್ದುದರಿಂದ, ಸತುವಿನ ಪುಡಿ ಬೆರೆಸಿ ಮಾಡಿದ, ಉರಿಯದ ಬಗೆಯದು.

ಉರಿಯಲಿಲ್ಲ, ನಿಜ. ಆದರೆ ಹಚ್ಚಿಕೊಂಡು ಕನ್ನಡಿ ನೋಡಿದರೆ ಮುಖ ಬೂದಿಯಲ್ಲಿ ಹೊರಳಿದ ಹಾಗಿತ್ತು. ತಿಕ್ಕಿದಷ್ಟೂ ಬೆಳ್ಳಗೆ. ಕೊಳ್ಳೇಗಾಲದಲ್ಲಿ ನೆಂಟರ ಮದುವೆಗೆ ಅದನ್ನೇ ಹಚ್ಚಿಕೊಂಡು ಹೋದಳು. ಊಟದ ಪಂಕ್ತಿಯಲ್ಲಿ ಎದುರು ಕೂತ ಹೆಂಗಸೊಬ್ಬಳು ಪಕ್ಕದವಳಿಗೆ, "ಈ ವಯಸ್ನಲ್ಲಿ ಬೆಳ್ಳಗಾಗೋ ಆಸೆ ನೋಡವ್ವ" ಅಂದದ್ದು ಅವಳ ಕಿವಿಗೆ ಬಿತ್ತು. ಆ ದಿನವೇ ಟ್ಯೂಬನ್ನು ಅಟ್ಟದ ಮೇಲಿನ ಡಬ್ಬಗಳ ಹಿಂದೆ ಎಸೆದಳು. ಕ್ರೀಮು ಬಿಟ್ಟ ಮೇಲೆ ಬಿಸಿಲೂ ಬಿಡಬೇಕಾಯಿತು. ಹಗಲೆಲ್ಲ ಒಳಗೇ ಉಳಿದಳು.

ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಪವಿತ್ರಳ ಗಂಡ ಮಹದೇವಪ್ರಸಾದ್ ತೆಂಗಿನಕಾಯಿ ಲಾರಿಯ ಮೇಲೆ ಊರೂರು ತಿರುಗುವವನು. ಹಿರಿಯ ಮಗ ಕಬ್ಬಿನ ಗದ್ದೆ ನೋಡಿಕೊಳ್ಳುವವನು. ಹೀಗಾಗಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೆಲಸವೆಲ್ಲ ಚನ್ನಮಲ್ಲಮ್ಮನ ತಲೆಗೆ ಬಂತು. ಮೊದಮೊದಲು ಅವಳು ಏನೂ ಅನ್ನಲಿಲ್ಲ. ಹುಳು ಪೊರೆ ಕಳಚುವ ಕೊನೆಯ ಜ್ವರದಿಂದೆದ್ದು ಬಕಾಸುರನಂತೆ ಮೇಯುತ್ತಿದ್ದ ಒಂದು ವಾರ, ಮೂರು ಹೊತ್ತೂ ಸೊಪ್ಪು ಹೊತ್ತು ಸೋತವಳು ಪಕ್ಕದ ಮನೆ ರಂಗಮ್ಮನ ಹತ್ತಿರ ಗೋಡೆಯಾಚೆ ಅಂದಳು: "ನಮ್ಮನೇಲಿ ಒಬ್ಬಳು ನೆಳ್ಳಲ್ಲಿರಾಕೆ ಉಟ್ಟವ್ಳೆ, ಒಬ್ಬಳು ಬಿಸ್ಲಲ್ಲಿರಾಕೆ ಉಟ್ಟವ್ಳೆ ಕನಕ್ಕ."

ಒಳಗೆ ಅಕ್ಕಿ ಆರಿಸುತ್ತಿದ್ದ ಪವಿತ್ರ ಅದನ್ನು ಕೇಳಿಸಿಕೊಂಡಳು. ಮಾರನೆಯ ಬೆಳಿಗ್ಗೆ ಯಾರಿಗೂ ಹೇಳದೆ ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೋದಳು. ಚನ್ನಮಲ್ಲಮ್ಮ ಹುಳುವಿನ ಮನೆ ಗುಡಿಸಿ ತೋಟಕ್ಕೆ ಬರುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಪವಿತ್ರ ಅರ್ಧ ತೋಟದ ಸೊಪ್ಪು ಕೊಯ್ದು ಹೊರೆ ಕಟ್ಟಿ ನಿಂತಿದ್ದಳು.

ಎರಡು ದಿನಕ್ಕೆ ಜ್ವರ ಬಂತು. ಮುಖದ ದದ್ದೆಲ್ಲ ಕೆಂಡದ ಹಾಗೆ ಎದ್ದಿತು. ಗಂಡ ಹಾಸನದ ದಾರಿಯಲ್ಲಿದ್ದ. ಚನ್ನಮಲ್ಲಮ್ಮನೇ ಅವಳನ್ನು ಬಸ್ಸು ಹತ್ತಿಸಿ, ಕೊಳ್ಳೇಗಾಲದಲ್ಲಿ ಇಳಿಸಿ, ಹನೂರಿನ ಬಸ್ಸಿಗೆ ಹತ್ತಿಸಿ ಕಾಮಗೆರೆಗೆ ಕರೆದುಕೊಂಡು ಹೋದಳು.

"ಬಿಸಿಲಿಗೆ ಹೋಗಿದ್ರಾ?" ಡಾಕ್ಟರಮ್ಮ ಕೇಳಿದರು.

ಪವಿತ್ರ ತಲೆ ತಗ್ಗಿಸಿದಳು.

"ಓಗಿದ್ಲು ಡಾಕ್ಟ್ರೇ," ಚನ್ನಮಲ್ಲಮ್ಮ ಅಂದಳು. "ನಾನು ಆಡಿದ ಮಾತಿಗೆ ಓಗಿದ್ಲು."

ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿದರು. ಬೈಯಲಿಲ್ಲ. ಮಾತ್ರೆ ಬದಲಾಯಿಸಿ ಬರೆದು, "ಕ್ರೀಮು ಹಚ್ಕೊಳ್ತಿಲ್ವಾ?" ಅಂದರು. ಪವಿತ್ರಳ ಕಣ್ಣು ತುಂಬಿತು. ಮದುವೆ ಮನೆಯ ಸಂಗತಿಯನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಅಲ್ಲಿ, ಓರಗಿತ್ತಿಯ ಎದುರೇ, ಎಲ್ಲವನ್ನೂ ಹೇಳಿದಳು.

ಚನ್ನಮಲ್ಲಮ್ಮ ಮೇಜಿನ ಮೇಲಿದ್ದ ಸ್ಯಾಂಪಲ್ ಟ್ಯೂಬು ಹಿಂಡಿ ತನ್ನ ಮುಂಗೈಗೆ ತಿಕ್ಕಿಕೊಂಡಳು. ಕಪ್ಪು ಕೈಯ ಮೇಲೆ ಸುಣ್ಣ ಬಳಿದ ಹಾಗಾಯಿತು. ತಿರುಗಿಸಿ ತಿರುಗಿಸಿ ನೋಡಿದಳು.

"ಇದ ಬಳಕಂಡು ಯಾರು ಡಾಕ್ಟ್ರೇ ಈಚಿಗೆ ಬತ್ತಾರೆ? ಇಬೂತಿ ಆದ್ರೆ ಅಣೆಗೆ ಮಾತ್ರ. ಇದು ಮಕಕ್ಕೆಲ್ಲ."

ಡಾಕ್ಟರಮ್ಮನಿಗೆ ನಗು ಬಂತು. "ಸತು ಇರೋದೇ ಬಿಳಿ. ಬೆಳ್ಳಗಿರೋರ ಮೇಲೆ ಕಾಣಲ್ಲ, ನಮ್ಮ ಮೇಲೆ ಕಾಣುತ್ತೆ. ಇದರಲ್ಲೇ ಬಣ್ಣ ಬೆರೆಸಿದ್ದು ಬರುತ್ತೆ, ಕಬ್ಬಿಣದಿಂದ ಮಾಡಿದ ಕೆಮ್ಮಣ್ಣಿನಂಥ ಬಣ್ಣ. ಅದು ಇವರಿಗೆ ಇನ್ನೂ ಒಳ್ಳೆಯದು, ಕಲೆ ಕಪ್ಪಾಗೋದನ್ನೂ ತಡೆಯುತ್ತೆ. ಆದ್ರೆ ಬಣ್ಣ ಹೊಂದಬೇಕು. ಅಂಗಡಿ ಲೈಟಲ್ಲಿ ನೋಡಿ ತಗೋಬೇಡಿ. ದವಡೆ ಹತ್ರ ಒಂದು ಗೆರೆ ಎಳೆದು, ಒಣಗೋಕೆ ಬಿಟ್ಟು, ಬಿಸಿಲಲ್ಲಿ ನಿಂತು ನೋಡಿ. ಗೆರೆ ಕಾಣದೆ ಹೋದ್ರೆ ಅದೇ ನಿಮ್ಮದು."

"ನಾನು ಬಿಸ್ಲಲ್ಲಿ ನಿಲ್ಲಂಗೇ ಇಲ್ವಲ್ಲ," ಪವಿತ್ರ ಮೆಲ್ಲಗೆ ಅಂದಳು.

"ನಾನು ನಿಂತ್ಕತೀನಿ," ಅಂದಳು ಚನ್ನಮಲ್ಲಮ್ಮ. "ನಮ್ಮಿಬ್ರುದೂ ಒಂದೇ ಬಣ್ಣ ಅಲ್ವ."

ವಾಪಸು ಬರುವಾಗ ಬಸ್ಸಿನಲ್ಲಿ ಬಿಸಿಲು ಬೀಳುವ ಕಡೆ ತಾನು ಕೂತು, ಸೆರಗನ್ನು ಕಿಟಕಿಗೆ ಅಡ್ಡ ಹಿಡಿದಳು.

ಹುಳು ಗೂಡು ಕಟ್ಟಿ, ಗೂಡು ಮಾರುಕಟ್ಟೆಗೆ ಹೋಗಿ ಮನೆ ಸ್ವಲ್ಪ ಹಗುರಾದಾಗ ಚನ್ನಮಲ್ಲಮ್ಮ ಕೊಳ್ಳೇಗಾಲಕ್ಕೆ ಹೋದಳು. ಅವಳು ತನಗೆಂದು ಪೌಡರು ಕೂಡ ಕೊಂಡವಳಲ್ಲ. ಮೊದಲ ಅಂಗಡಿಯಲ್ಲಿ ಕೊಟ್ಟದ್ದು ಎಲ್ಲ ಬಣ್ಣದವರಿಗೂ ಆಗುತ್ತದೆ ಎಂದು ಬರೆದಿದ್ದ ಟ್ಯೂಬು. ಎಡದವಡೆಗೆ ಗೆರೆ ಎಳೆದುಕೊಂಡು ರಸ್ತೆಗೆ ಬಂದು, ನಿಂತಿದ್ದ ಬೈಕಿನ ಕನ್ನಡಿಯಲ್ಲಿ ನೋಡಿಕೊಂಡಳು. ಗುಲಾಬಿ ಬಣ್ಣದ ಬೂದಿ. ಇನ್ನೊಂದು ಅಂಗಡಿಯದು ಒಣಗಿದ ಮೇಲೆ ಮಾಗಿದ ಕುಂಬಳಕಾಯಿಯ ಬಣ್ಣಕ್ಕೆ ತಿರುಗಿತು. ಮೂರನೆಯದರ ಮೇಲೆ ಮೀಡಿಯಂ ಎಂದಿತ್ತು. ಅದು ಯಾರಿಗೆ ಮೀಡಿಯಮ್ಮೋ, ಅವಳ ಬಲಗೆನ್ನೆಯ ಮೇಲೆ ಗೋಧಿಹಿಟ್ಟಿನ ಹಾಗೆ ಕೂತಿತು.

"ಇನ್ನೂ ಕಪ್ಪಂದು ಇಲ್ವ ಸಾ?"

"ಡೀಪ್ ಶೇಡ್ ತರಿಸಲ್ಲಮ್ಮ. ಇಲ್ಲಿ ಹೋಗಲ್ಲ ಅದು."

"ಬಸ್‌ಸ್ಟ್ಯಾಂಡಲ್ಲಿ ನಿಂತಿರೋರ ಮಕವ ಒಸಿ ನೋಡ್ಕಂಡು ಬನ್ನಿ ಸಾ. ಆಮೇಲೆ ಏಳಿ, ಓಯ್ತದೋ ಓಗಲ್ವೋ ಅಂತ."

ಅಂಗಡಿಯವನು ಹೊರಗೊಮ್ಮೆ ನೋಡಿ, "ನೀವು ಹೇಳೋದೂ ಸರೀನೇ" ಎಂದು ತಲೆ ಕೆರೆದುಕೊಂಡ.

ಗೆರೆಗಳನ್ನು ಒರೆಸದೆ, ಹಾಗೇ ಬಸ್ಸು ಹತ್ತಿ ಊರಿಗೆ ಬಂದಳು. ಜನ ನೋಡಿದರು. ಕಂಡಕ್ಟರು ಚೀಟಿ ಹರಿಯುವುದು ಬಿಟ್ಟು ನೋಡಿದ. ಪಕ್ಕದ ಹೆಂಗಸು ತಡೆಯಲಾರದೆ "ಏನವ್ವ ಮಕದಲ್ಲಿ?" ಎಂದು ಕೇಳಿದಾಗ, "ನಮ್ಮ ಪವಿತ್ರಂಗೆ ಔಸ್ತಿ ನೋಡ್ತಾ ಇವ್ನಿ" ಅಂದಳು.

ಮನೆಗೆ ಬಂದವಳು ಅಂಗಳದ ಬಿಸಿಲಿನಲ್ಲಿ ನಿಂತು ಕೂಗಿದಳು. ಪವಿತ್ರ ಹೊಸಿಲ ಒಳಗೇ ನಿಂತು ನೋಡಿದಳು. ಬಿಳಿ, ಕಿತ್ತಳೆ, ಗುಲಾಬಿ ಪಟ್ಟೆ ಬಳಿದುಕೊಂಡು, ಹುಲಿವೇಷದವಳ ಹಾಗೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಓರಗಿತ್ತಿಯನ್ನು ಕಂಡು ಅವಳಿಗೆ ನಗು ಒತ್ತರಿಸಿ ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು ಅದು. ನಗುತ್ತ ನಗುತ್ತ ಅಳು ಬಂದು, ಕಂಬ ಹಿಡಿದುಕೊಂಡಳು.

"ಈ ಎಡಗಡೇದು ಪರವಾಗಿಲ್ವ?" ಚನ್ನಮಲ್ಲಮ್ಮ ಗಂಭೀರವಾಗಿಯೇ ಕೇಳಿದಳು. ತಾನೇ ಬೆರಳಿಂದ ಒರೆಸಿ ಮೂಸಿ ನೋಡಿ ಮುಖ ಕಿವುಚಿದಳು. "ಬ್ಯಾಡ ಬುಡು, ಸೆಂಟಿನ ವಾಸ್ನೆ. ಹುಳಿನ್ ಮನೆಗೆ ಇದ ಆಕ್ಕಂಡು ಓದ್ರೆ ಹುಳ ಸೊಪ್ಪು ಮುಟ್ಟಾಕಿಲ್ಲ. ನಿನ್ನ ದದ್ದಿಗೂ ಆಗಾಕಿಲ್ಲ."

ಅವಳು ಕೈಬಿಡಲಿಲ್ಲ. ತಂಗಿಯ ಮಗುವನ್ನು ನೋಡಲು ಯಳಂದೂರಿಗೆ ಹೋದಾಗ ಅಲ್ಲಿನ ಒಂದು ಸಣ್ಣ ಮೆಡಿಕಲ್ ಸ್ಟೋರಿನಲ್ಲೂ ವಿಚಾರಿಸಿದಳು. ಕೌಂಟರಿನಲ್ಲಿ ರಾಣಿ ಎಂಬ ಹುಡುಗಿ ಇದ್ದಳು. ಅವಳದೂ ಇದೇ ಕಪ್ಪು. ಚನ್ನಮಲ್ಲಮ್ಮ ಆಸ್ಪತ್ರೆಯಿಂದ ಹಿಡಿದು ಕುಂಬಳಕಾಯಿ ಬಣ್ಣದವರೆಗೆ ಎಲ್ಲವನ್ನೂ ಹೇಳುವವರೆಗೂ ಆ ಹುಡುಗಿ ಬೇರೆ ಗಿರಾಕಿಯ ಕಡೆ ನೋಡಲಿಲ್ಲ.

"ಅಂಗಡೀಲಿ ಇಲ್ಲ ಅಕ್ಕ. ನಾನು ನನಗೆ ಅಂತ ತರಿಸ್ಕಂಡಿರಾದು ಒಂದದೆ. ಗಾಡೀಲಿ ಓಡಾಡಿ ಮಕ ಕರ್ರಗಾಯ್ತಿತ್ತು." ತನ್ನ ಬ್ಯಾಗಿನಿಂದ ಟ್ಯೂಬು ತೆಗೆದಳು. "ಸತುವಿಂದೇ. ವಾಸ್ನೆ ಇಲ್ಲ. ಹಿಂಡ್ದಾಗ ಬೆಲ್ಲದ ಪಾಕದಂಗೆ ಕಾಣ್ತದೆ, ಎದ್ರುಕಬ್ಯಾಡಿ. ಒಣಗ್ಲಿ."

ಇಬ್ಬರೂ ಅಂಗಡಿಯ ಮೆಟ್ಟಿಲಿಳಿದು ಬಿಸಿಲಿಗೆ ಬಂದರು. ರಾಣಿಯೇ ಗೆರೆ ಎಳೆದಳು. ಸ್ವಲ್ಪ ಹೊತ್ತು ಬಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದಳು. ಚನ್ನಮಲ್ಲಮ್ಮ ಫೋಟೋವನ್ನು ದೊಡ್ಡದು ಮಾಡಿಸಿ ನೋಡಿದಳು, ದವಡೆ ಸವರಿ ನೋಡಿದಳು, ಮತ್ತೆ ನೋಡಿದಳು. "ನನ್ನ ಮಕವೇ ಅದೆ," ಅಂದಳು. ರಾಣಿ ಅಂಥದೇ ಒಂದನ್ನು ತರಿಸಿಕೊಡುವುದಾಗಿ ಹೇಳಿ, ಅದು ಬರುವವರೆಗೆ ಇರಲಿ ಎಂದು ತನ್ನ ಟ್ಯೂಬಿನಿಂದ ಒಂದಿಷ್ಟನ್ನು ಪುಟ್ಟ ಡಬ್ಬಿಗೆ ಹಿಂಡಿ ಕೊಟ್ಟಳು.

ಆ ಸಂಜೆ ಬಿಸಿಲು ಇನ್ನೂ ಇರುವಾಗಲೇ ಚನ್ನಮಲ್ಲಮ್ಮ ಅಂಗಳದಲ್ಲಿ ನಿಂತು ಮತ್ತೆ ಕೂಗಿದಳು.

ಪವಿತ್ರ ಹೊಸಿಲಿಂದ ಕತ್ತು ಚಾಚಿ ನೋಡಿದಳು. "ಎಲ್ಲಕ್ಕ ಅಚ್ಕಂಡಿರಾದು?"

"ನೀನೇ ಉಡುಕು."

ಹುಡುಕಿದಳು. ಎಡಗೆನ್ನೆ, ಬಲಗೆನ್ನೆ, ದವಡೆ, ಕತ್ತು. ಸಿಗಲಿಲ್ಲ. ಅವಳಿಗೆ ಕಂಡದ್ದು ಓರಗಿತ್ತಿಯ ದಣಿದ, ಬೆವರಿದ, ಕಾತರದ ಮುಖ ಮಾತ್ರ. ಅಷ್ಟು ಹೊತ್ತು ಆ ಮುಖವನ್ನು ಅವಳು ಎಂದೂ ನೋಡಿರಲಿಲ್ಲ.

ಮಾರನೆಯ ದಿನ ಪವಿತ್ರ ಹಚ್ಚಿಕೊಂಡಳು. ದದ್ದಿನ ಕಲೆಗಳೂ ಅರ್ಧ ಮುಚ್ಚಿಹೋದವು. ಕೊಡೆ ಹಿಡಿದು, ತುಂಬುತೋಳಿನ ರವಿಕೆ ತೊಟ್ಟು, ಮಗಳನ್ನು ಅಂಗನವಾಡಿಯವರೆಗೆ ಬಿಟ್ಟು ಬಂದಳು. ದಾರಿಯಲ್ಲಿ ರಂಗಮ್ಮ ಸಿಕ್ಕಿ, ಅವಳ ಮುಖವನ್ನೇ ನೋಡುತ್ತ ಮಾತಾಡಿ, ಮುಖದ ಬಗ್ಗೆ ಏನೂ ಅನ್ನದೆ ಹಾಲಿನ ಡೇರಿಯ ವಿಷಯ ಹೇಳಿ ಹೋದಳು. ಪವಿತ್ರ ಮನೆಗೆ ಬಂದು ದೇವರ ಮುಂದೆ ಒಂದು ಊದುಬತ್ತಿ ಹಚ್ಚಿದಳು.

ಕಾಯಿಲೆ ವಾಸಿಯಾಗಿಲ್ಲ, ಪೂರ್ತಿ ವಾಸಿಯಾಗುವಂಥದೂ ಅಲ್ಲವಂತೆ. ಮಾತ್ರೆ ನಡೆಯುತ್ತಿದೆ. ಈಗ ಹುಳುವಿನ ಮನೆಯ ಒಳಗಿನ ಕೆಲಸವೆಲ್ಲ ಪವಿತ್ರಳದು, ತೋಟದ ಕೆಲಸ ಚನ್ನಮಲ್ಲಮ್ಮನದು. ಹೊತ್ತು ಇಳಿದ ಮೇಲೆ ಇಬ್ಬರೂ ಸೊಪ್ಪು ಕೊಯ್ಯುತ್ತಾರೆ. ಹೊಸ ದದ್ದು ಏಳದೆ ತಿಂಗಳುಗಳಾದವು.

ಮೊನ್ನೆ ಹನೂರಿನಲ್ಲಿ ಪವಿತ್ರಳ ಅಣ್ಣನ ಮನೆ ಗೃಹಪ್ರವೇಶ. ಕಾಯಿಲೆ ಬಿದ್ದ ಮೇಲೆ ತವರಿಗೆ ಹಗಲು ಹೊತ್ತು ಹೋದದ್ದು ಇದೇ ಮೊದಲು. ತಾಯಿ ಸೋಮಮ್ಮ ಬಾಗಿಲಲ್ಲೇ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಿಟ್ಟಾಗ ಅಂಗೈಯಲ್ಲಿ ಸ್ವಲ್ಪ ಕಂದುಬಣ್ಣ ಅಂಟಿತ್ತು. ಸೋಮಮ್ಮ ಅದನ್ನು ಏನೆಂದು ಕೇಳಲಿಲ್ಲ. ಚನ್ನಮಲ್ಲಮ್ಮನ ಕಡೆ ತಿರುಗಿ, "ನೀನೂ ನನ್ನ ಮಗಳೇ ಕನವ್ವ" ಅಂದರು. ಪವಿತ್ರ ಫೋನಿನಲ್ಲಿ ತಾಯಿಗೆ ಎಲ್ಲವನ್ನೂ ಹೇಳಿದ್ದಳು.

ಊಟವಾದ ಮೇಲೆ ಬಸ್ಸಿಗೆ ಕಾಯುತ್ತ ನಿಂತಾಗ ಪವಿತ್ರ ಬಹಳ ದಿನದಿಂದ ಕಟ್ಟಿಕೊಂಡಿದ್ದ ಮಾತನ್ನು ಹೇಗೋ ಹೊರಗೆ ತಂದಳು. "ಅಕ್ಕ, ನನಗೋಸ್ಕರ ನೀನು ಮಕಕ್ಕೆಲ್ಲ ಬಳ್ಕಂಡು ಊರಲ್ಲೆಲ್ಲ ತಿರುಗ್ದೆ. ನಾನು ಸಾಯೋಗಂಟ ಮರೆಯಾಕಿಲ್ಲ."

"ಮರೀಬ್ಯಾಡ," ಅಂದಳು ಚನ್ನಮಲ್ಲಮ್ಮ, ಕೈಚೀಲದಲ್ಲಿ ತಡಕಾಡುತ್ತ. "ಬೆಳಿಗ್ಗೆ ಅಚ್ಚಿದ್ದೆಲ್ಲ ಬೆವ್ರಲ್ಲಿ ಓಗ್ಬುಟ್ಟದೆ. ಇತ್ತಗೆ ತಿರುಗು."

ಪವಿತ್ರ ತಿರುಗಿದಳು. ಬಸ್‌ಸ್ಟ್ಯಾಂಡಿನ ನಡುವೆ, ಎಲ್ಲರ ಎದುರು, ಓರಗಿತ್ತಿ ಅವಳ ಗಲ್ಲ ಹಿಡಿದು ಮುಖಕ್ಕೆ ಕ್ರೀಮು ಸವರಿದಳು. ಪವಿತ್ರ ಕಣ್ಣು ಮುಚ್ಚಿಕೊಂಡು, ಚಿಕ್ಕ ಮಗುವಿನ ಹಾಗೆ, ಮುಗಿಯುವವರೆಗೂ ಅಲುಗದೆ ನಿಂತಿದ್ದಳು.